ಮೊದಲು ಅಳತೆ, ಆಮೇಲೆ ರಸ್ತೆ

ಮಾರತ್ತಹಳ್ಳಿ ಸೇತುವೆ ಹತ್ತಿರ ನಾವು ದಿನಾ ರಸ್ತೆ ದಾಟುತ್ತೇವೆ. ಸೇತುವೆಗೆ ವಾಹನ ಹತ್ತುವ, ಇಳಿಯುವ ಇಳಿಜಾರು ದಾರಿಗೆ ರ‍್ಯಾಂಪ್ ಅಂತಾರೆ.

ಇದೇ ರಿಂಗ್ ರೋಡಿನಲ್ಲಿ ಹೆಬ್ಬಾಳವಿದೆ. ಅಲ್ಲಿ 2003ರಲ್ಲಿ ಮೇಲುಸೇತುವೆ ಆಯಿತು. ವಾಹನ ಹೆಚ್ಚಿದವು, ರ‍್ಯಾಂಪ್ ಸಾಲಲಿಲ್ಲ. 2025ರ ಆಗಸ್ಟಿನಲ್ಲಿ ಹೊಸ ರ‍್ಯಾಂಪ್ ತೆರೆಯಿತು.

ರವಿಕೆ ಹೊಲಿಯುವ ಮೊದಲು ಅಳತೆ ತೆಗೆಯುತ್ತೇವೆ. ರಸ್ತೆಗೂ ಹಾಗೇ. ಎಷ್ಟು ಬಸ್ಸು, ಎಷ್ಟು ಲಾರಿ? ಅಪಘಾತ ಎಲ್ಲಿ? ಏರು ಎಷ್ಟು? ಮಣ್ಣು ಗಟ್ಟಿಯೇ? ಇದೇ ಅಧ್ಯಯನ. ಇದಕ್ಕೂ ಸರ್ಕಾರ ಹಣ ಕೊಡುತ್ತದೆ.

ಆ ಹಣ ಯಾರದು? ನಮ್ಮದೇ. ಸೋಪು ಕೊಂಡರೂ ನಾವು ತೆರಿಗೆ ಕೊಡುತ್ತೇವೆ. ಆದ್ದರಿಂದ ನಡೆದು ಹೋಗುವ ನಮ್ಮನ್ನೂ ಎಣಿಸಬೇಕು. ಎಣಿಸದಿದ್ದರೆ ನಮಗೆ ದಾಟುವ ದಾರಿ ಎಲ್ಲಿ?

ಅರ್ಜಿ ಬರೆದು ಕೇಳೋಣ. ಈಗ ನಮಗೆ ಬರೆಯಲು ಬರುತ್ತದಲ್ಲ!