ಯಾರು ದುಡಿದರು, ಯಾರು ಉಂಡರು

ಗಂಜಾಂನಲ್ಲಿ ಹಾಲಿನ ಡೇರಿಯ ಲೆಕ್ಕ ಬರೆಯುವುದು ನನ್ನ ಕೆಲಸ. ಯಾರ ಹಾಲು, ಎಷ್ಟು ಲೀಟರು, ಫ್ಯಾಟ್ ಎಷ್ಟು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ಓದಲು ಕೂತಾಗಲೂ ಅಂಥದೇ ಉದ್ದನೆಯ ನೋಟ್‌ಬುಕ್ ಪಕ್ಕದಲ್ಲಿರುತ್ತದೆ. ಅದರ ನಂಜಮ್ಮನೂ ಲೆಕ್ಕ ಬರೆಯುವವಳೇ. ಶ್ಯಾನುಭೋಗಿಕೆ ಗಂಡ ಚೆನ್ನಿಗರಾಯನದು, ಬರವಣಿಗೆ ಇವಳದು. ಕಥೆ ನಡೆಯುವ ಚನ್ನರಾಯಪಟ್ಟಣ ಸೀಮೆ ನಮ್ಮ ನಾಗಮಂಗಲ, ಕೆ.ಆರ್. ಪೇಟೆಗಳಿಗೆ ತಾಗಿಕೊಂಡೇ ಇದೆ. ಕಾದಂಬರಿಯ ಬೈಗುಳವನ್ನಾಗಲಿ ಮುತ್ತುಗದ ಎಲೆಯನ್ನಾಗಲಿ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಬಿ.ಎ. ಓದುತ್ತಿರುವ ಅಣ್ಣನ ಮಗಳು ಒಂದು ದಿನ ಬಂದು, “ಅತ್ತೆ, ಕಾದಂಬರಿಯ ವಸ್ತು ಅಂದ್ರೆ ಏನ್ ಬರೀಬೇಕು?” ಅಂದಳು. ಅವಳ ನೋಟ್ಸಿನಲ್ಲಿ ಬಡತನ, ಸ್ತ್ರೀ ಶೋಷಣೆ, ಮೌಢ್ಯ ಎಂದು ಆಗಲೇ ಬರೆದಿತ್ತು.

“ಅದು ಕೊನೇಲಿ ಬರೋದು ಕಣವ್ವ. ಮೊದ್ಲು ಯಾರು ದುಡಿದ್ರು, ಯಾರು ಉಂಡ್ರು, ಪುಟದ ನಂಬರ್ ಸಮೇತ ಬರ್ಕೋ” ಅಂದೆ.

ನಾನು ಬರೆಯುವುದು ಎಡಗಡೆಯ ಪುಟದಲ್ಲಿ ಮಾತ್ರ. ಊಟ, ದುಡಿಮೆ, ಎಲೆ, ಸಾವು ಎಂದು ತಲೆಬರಹ ಕೊಟ್ಟು, ಆಯಾ ಸಂಗತಿ ಬಂದಾಗಲೆಲ್ಲ ಒಂದೊಂದು ಸಾಲು. ಬಲಗಡೆ ಖಾಲಿ, ಅದು ಎರಡನೆಯ ಓದಿಗೆ. ವಾಕ್ಯ ಚೆನ್ನಾಗಿದೆ ಎಂದು ನಕಲು ಮಾಡಿಕೊಳ್ಳುವುದಕ್ಕೆ ಇನ್ನೊಂದು ಪುಸ್ತಕವಿರಲಿ, ಇದರಲ್ಲಿ ಬೇಡ.

ಹೀಗೆ ಬರೆಯುತ್ತ ಹೋದರೆ ತಲೆಬರಹಗಳು ಒಂದಕ್ಕೊಂದು ಮಾತಾಡತೊಡಗುತ್ತವೆ. ದುಡಿಮೆಯ ಪುಟದಲ್ಲಿ ನಂಜಮ್ಮನ ಹೆಸರೇ ತುಂಬಿದೆ, ಊಟದ ಪುಟದಲ್ಲಿ ಚೆನ್ನಿಗರಾಯನದು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು ಕಾದಂಬರಿಯ ಕಾಲಕ್ಕೂ ಊರುಗಳನ್ನು ಬಿಡಿಸುತ್ತಲೇ ಇತ್ತು. ನಂಜಮ್ಮನ ಮಕ್ಕಳಾದ ಪಾರ್ವತಿ, ರಾಮಣ್ಣ ಇಬ್ಬರೂ ಅದಕ್ಕೆ ತುತ್ತಾಗುತ್ತಾರೆ. ಸಾವಿನ ಪುಟದಲ್ಲಿ ಆ ಹೆಸರುಗಳನ್ನು ಬರೆದು ದುಡಿಮೆಯ ಪುಟಕ್ಕೆ ಬಂದರೆ, ಉಳಿದ ವಿಶ್ವನಿಗಾಗಿ ಆ ತಾಯಿ ಮತ್ತೆ ಕೆಲಸಕ್ಕೆ ನಿಂತಿದ್ದಾಳೆ. ಲೇಖಕರು ಅವಳನ್ನು ಎಲ್ಲಿಯೂ ಹೊಗಳುವುದಿಲ್ಲ. ಹೊಗಳಿಕೆಯಿಲ್ಲದೆ ನಮ್ಮಲ್ಲಿ ಗೌರವ ಹುಟ್ಟುವುದು ಹೇಗೆಂದು ನನಗೆ ತಿಳಿದದ್ದು ಈ ಎರಡು ಪುಟ ಪಕ್ಕಪಕ್ಕ ಇಟ್ಟಾಗ.

ಭೈರಪ್ಪನವರ ತಾಯಿಯನ್ನೂ ಪ್ಲೇಗೇ ಕೊಂಡೊಯ್ದಿತ್ತು. ಆತ್ಮಕಥೆ ‘ಭಿತ್ತಿ’ಯನ್ನು ಮಾತ್ರ ಆಮೇಲೆ ಓದಬೇಕು ಎನ್ನುತ್ತೇನೆ. ಮೊದಲೇ ಓದಿದರೆ ನಂಜಮ್ಮನನ್ನು ಬಿಟ್ಟು ಲೇಖಕರ ಬದುಕನ್ನೇ ಹುಡುಕುತ್ತ ಕೂರುತ್ತೇವೆ.

ಎಲ್ಲ ಕಾದಂಬರಿಗೂ ಇದೇ ತಲೆಬರಹ ಸಲ್ಲದು. ಕಾರಂತರ ‘ಮರಳಿ ಮಣ್ಣಿಗೆ’ ಮೂರು ತಲೆಮಾರಿನ ಕಥೆ. ಅಲ್ಲಿ ವಂಶವೃಕ್ಷ ಬರೆದುಕೊಂಡೇ ಮುಂದೆ ಹೋಗಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಹಿಡಿದರೆ ಹೆಸರುಗಳ ಪಟ್ಟಿಗೇ ಕೆಲವು ಪುಟ ಮೀಸಲಿಡಿ.

ಈಗ ನನಗೂ ಅಣ್ಣನ ಮಗಳಿಗೂ ಜಗಳ ನಂಜಮ್ಮನ ಅತ್ತೆ ಗಂಗಮ್ಮನ ಬಗ್ಗೆ. ಆ ಮನೆ ಒಡೆದದ್ದು ಅತ್ತೆಯ ನಾಲಗೆಯಿಂದ ಎಂದು ನನ್ನ ಪುಟ ಹೇಳುತ್ತದೆ. ಸಣ್ಣ ವಯಸ್ಸಿಗೇ ಗಂಡ ಸತ್ತು, ಎರಡು ಗಂಡುಮಕ್ಕಳನ್ನು ಒಬ್ಬಳೇ ಸಾಕಿದವಳು ಎಂಬುದನ್ನು ಹುಡುಗಿ ತನ್ನ ಪುಟದಲ್ಲಿ ಮೊದಲ ಸಾಲಾಗಿ ಬರೆದಿದ್ದಾಳೆ. “ಅವಳು ಬೈದದ್ದನ್ನೆಲ್ಲ ಬರ್ದಿದ್ದೀಯ ಅತ್ತೆ, ಯಾರ ಎದುರಿಗೆ, ಯಾವಾಗ ಅಂತ ಬರ್ದಿಲ್ಲ” ಅನ್ನುತ್ತಾಳೆ. ಅವಳು ಕೇಳುವುದು ನ್ಯಾಯವಾಗಿಯೇ ಇದೆ. ಆ ಒಂದು ಪುಟಕ್ಕಾಗಿ ಕಾದಂಬರಿಯನ್ನು ಮೊದಲಿಂದ ಮತ್ತೆ ಓದುತ್ತಿದ್ದೇನೆ.