ಗುಲಬರ್ಗಾ ಎಂದು ಹುಡುಕಿದವರಿಗೆ ಕಲಬುರಗಿಯ ಅಂಗಡಿ ಸಿಗಬೇಕಾದರೆ

ಗುಲಬರ್ಗಾ ಎಂಬ ಊರು ಸರ್ಕಾರಿ ಕಾಗದಗಳಲ್ಲಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ರೈಲು ನಿಲ್ದಾಣದ ಸಂಕೇತಾಕ್ಷರ ಜಿಆರ್ ಹೋಗಿ ಕೆಎಲ್‌ಬಿಜಿ ಬಂತು. ಆದರೆ 2019ರ ನವೆಂಬರಿನಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣದ ಸಂಕೇತ ಜಿಬಿಐ. 1980ರಲ್ಲಿ ಶುರುವಾದ ವಿಶ್ವವಿದ್ಯಾಲಯ ಗುಲಬರ್ಗಾ ವಿಶ್ವವಿದ್ಯಾಲಯವೆಂದೇ ಉಳಿದಿದೆ. ಅದೇ 2019ರಲ್ಲಿ ಇಲ್ಲಿಯ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ನೋಂದಣಿಯಾದ ಹೆಸರು ‘ಗುಲ್ಬರ್ಗಾ ತೂರ್ ದಾಲ್’.

ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ನಿಂತು ಮಾತಾಡುವವರಿಗೆ ಇದರಿಂದ ಯಾವ ತೊಡಕೂ ಇಲ್ಲ. ಎರಡೂ ಹೆಸರು ಬಾಯಿಗೆ ಸಲೀಸು. ತೊಡಕು ಶುರುವಾಗುವುದು ಪುಣೆಯಲ್ಲೋ ಹೈದರಾಬಾದಿನಲ್ಲೋ ಕುಳಿತ ಗೃಹಿಣಿಯೊಬ್ಬರು ಮೊಬೈಲ್ ತೆಗೆದು ಒಳ್ಳೆಯ ತೊಗರಿ ಬೇಳೆ ಹುಡುಕಿದಾಗ. ಅವರು ಗುಲಬರ್ಗಾ ಎಂದು ಬರೆಯುತ್ತಾರೋ ಕಲಬುರಗಿ ಎಂದೋ? ತೊಗರಿ ಎನ್ನುತ್ತಾರೋ, ತೂರ್ ಎನ್ನುತ್ತಾರೋ, ಅರ್ಹರ್ ಎನ್ನುತ್ತಾರೋ? ಬೇಳೆ ಮಾರುವವರ ವೆಬ್‌ಸೈಟಿನಲ್ಲಿ ಇವುಗಳಲ್ಲಿ ಒಂದೇ ಒಂದು ಹೆಸರಿದ್ದರೆ ಉಳಿದ ಹೆಸರುಗಳಿಂದ ಹುಡುಕುವ ಗಿರಾಕಿ ಬೇರೆಯವರ ಪಾಲಾಗುವ ಸಂಭವ ಹೆಚ್ಚು. ದೊಡ್ಡ ಊರುಗಳ ಹಳೆ ಹೆಸರು, ಹೊಸ ಹೆಸರು ಗೂಗಲ್‌ಗೆ ಗೊತ್ತಿರುತ್ತದೆ, ನಿಜ. ಆದರೆ ಅದನ್ನೇ ನಂಬಿ ಕೂರುವುದು ಸಣ್ಣ ಅಂಗಡಿಗೆ ಕ್ಷೇಮವಲ್ಲ.

ಕಮಲಾಪುರದ್ದು ಇನ್ನೊಂದು ಬಗೆಯ ಪೇಚು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಈ ಊರಿನ ಕೆಂಪು ಬಾಳೆಗೂ ಭೌಗೋಳಿಕ ಸೂಚಕವಿದೆ. ಸುತ್ತಲ ಕೆಲವೇ ಹಳ್ಳಿಗಳ ತಗ್ಗಿನ ಜಮೀನಿನಲ್ಲಿ ಬೆಳೆಯುವ, ಬೆಲೆ ಜಾಸ್ತಿಯೆಂದು ‘ಶ್ರೀಮಂತರ ಹಣ್ಣು’ ಎನಿಸಿಕೊಂಡ ಹಣ್ಣು ಅದು. ಆದರೆ ಹಂಪಿಯ ಮಗ್ಗುಲಲ್ಲೇ ಇನ್ನೊಂದು ಕಮಲಾಪುರವಿದೆ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಇರುವುದು ಅಲ್ಲಿ, ಪ್ರವಾಸಿಗರು ಹುಡುಕುವುದು ಅದನ್ನು. ಸಾಲದ್ದಕ್ಕೆ ಬಾಳೆ ತೋಟಗಳೂ ಅಲ್ಲಿವೆ! ಬರೀ ‘ಕಮಲಾಪುರದ ಬಾಳೆ’ ಎಂದು ಶೀರ್ಷಿಕೆ ಕೊಟ್ಟ ಪುಟ ಈ ಗೊಂದಲದಲ್ಲಿ ಕಳೆದುಹೋಗುತ್ತದೆ. ‘ಕಮಲಾಪುರ ಕೆಂಪು ಬಾಳೆ, ಕಲಬುರಗಿ ಜಿಲ್ಲೆ’ ಎಂದು ಬರೆದರೆ ಓದುವವರಿಗೂ ಯಂತ್ರಕ್ಕೂ ಅನುಮಾನ ಉಳಿಯುವುದಿಲ್ಲ.

ಜನ ಯಾವ ಮಾತಿನಿಂದ ಹುಡುಕುತ್ತಾರೆ ಎಂದು ಊಹಿಸುತ್ತ ಕೂರಬೇಕಾಗಿಲ್ಲ. ಗೂಗಲ್ ಟ್ರೆಂಡ್ಸ್ ಎಂಬ ಉಚಿತ ತಾಣದಲ್ಲಿ ಗುಲಬರ್ಗಾ, ಕಲಬುರಗಿ ಎರಡನ್ನೂ ಅಕ್ಕಪಕ್ಕ ಕೊಟ್ಟರೆ 2004ರಿಂದ ಈಚಿನ ಹುಡುಕಾಟದ ಏರಿಳಿತ ಎರಡು ಗೆರೆಗಳಾಗಿ ಕಾಣುತ್ತದೆ. ರಾಜ್ಯವಾರು ವಿಂಗಡಿಸಿಯೂ ನೋಡಬಹುದು. ಒಂದು ಎಚ್ಚರ ಬೇಕು: ಅಲ್ಲಿ ಕಾಣುವ 0ಯಿಂದ 100ರವರೆಗಿನ ಅಂಕಿ ಹುಡುಕಿದವರ ತಲೆಯೆಣಿಕೆಯಲ್ಲ, ಬರೀ ತುಲನೆ. ಕಡಿಮೆ ಜನ ಹುಡುಕುವ ಮಾತಾದರೆ ಗೆರೆಯೇ ಮೂಡದೆ ಇರಬಹುದು. ಹಾಗಾದಾಗ ಗೂಗಲ್‌ನ ಹುಡುಕು ಪಟ್ಟಿಯಲ್ಲಿ ‘ಖಡಕ್ ರೊಟ್ಟಿ’ ಎಂದು ಅರ್ಧ ಬರೆದು ನಿಲ್ಲಿಸಿ. ಕೆಳಗೆ ಇಳಿಯುವ ಸಲಹೆಗಳಲ್ಲಿ ಬೇರೆಯವರು ಹುಡುಕಿದ ಮಾತುಗಳ ಸುಳಿವು ಸಿಗುತ್ತದೆ.

ಊಹೆಯ ಹಂತ ದಾಟಿಸುವ ಸಾಧನವೆಂದರೆ ಸರ್ಚ್ ಕನ್ಸೋಲ್. 2015ರವರೆಗೆ ಇದಕ್ಕೆ ವೆಬ್‌ಮಾಸ್ಟರ್ ಟೂಲ್ಸ್ ಎಂಬ ಹೆಸರಿತ್ತು. ಸೈಟು ನಿಮ್ಮದೇ ಎಂದು ಒಮ್ಮೆ ದೃಢಪಡಿಸಿದರೆ ಸಾಕು. ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಸರಾಸರಿ ಎಷ್ಟನೆಯ ಸ್ಥಾನದಲ್ಲಿತ್ತು, ಕಂಡವರಲ್ಲಿ ಎಷ್ಟು ಮಂದಿ ಒತ್ತಿ ಒಳಗೆ ಬಂದರು ಎಂಬುದೆಲ್ಲ ಬರುತ್ತದೆ. ಬಹುತೇಕರು ಒಳಬಂದವರ ಸಂಖ್ಯೆ ನೋಡಿ ಮುಚ್ಚಿಬಿಡುತ್ತಾರೆ. ನೋಡಬೇಕಾದದ್ದು ಕಾಣಿಸಿಯೂ ಯಾರೂ ಒತ್ತದ ಪದಗಳ ಸಾಲು. ‘ಗುಲಬರ್ಗಾ ತೊಗರಿ ಬೇಳೆ ದರ’ ಎಂದು ಹುಡುಕಿದವರಿಗೆ ನಿಮ್ಮ ಪುಟ ಹನ್ನೆರಡನೆಯ ಸ್ಥಾನದಲ್ಲಿ ಕಂಡಿದೆ, ಒಬ್ಬರೂ ಬಂದಿಲ್ಲ ಎಂದಿಟ್ಟುಕೊಳ್ಳಿ. ಪುಟದಲ್ಲಿ ದರವೇ ಇಲ್ಲವೆಂದರೆ ಮಾಡಬೇಕಾದ ಕೆಲಸ ಕಣ್ಣೆದುರೇ ಇದೆ.

ಕೆಲವು ಸೈಟುಗಳಿಗೆ ಆ ಸಾಲೂ ಬರುವುದಿಲ್ಲ, ಏಕೆಂದರೆ ಅವು ಗೂಗಲ್‌ನ ಸೂಚಿಯಲ್ಲೇ ಇಲ್ಲ. ಕನ್ಸೋಲಿನ ಮೇಲಿನ ಪಟ್ಟಿಯಲ್ಲಿ ಪುಟದ ವಿಳಾಸ ಹಾಕಿದರೆ ಅದು ಸೂಚಿಯಲ್ಲಿ ಇದೆಯೋ ಇಲ್ಲವೋ, ಇಲ್ಲದಿದ್ದರೆ ಯಾಕೆ ಎಂದು ಹೇಳುತ್ತದೆ. ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪನ್ನೂ ಅಲ್ಲಿಯೇ ಸಲ್ಲಿಸಬಹುದು. ಮೈಕ್ರೋಸಾಫ್ಟಿನ ಬಿಂಗ್‌ಗೂ ಇಂಥದೇ ಉಚಿತ ಸಾಧನವಿದೆ. ಗೂಗಲ್‌ನಲ್ಲಿ ಮಾಡಿದ ನೋಂದಣಿಯನ್ನೇ ಅದು ಎತ್ತಿಕೊಳ್ಳುತ್ತದೆ, ಹೆಚ್ಚಿನ ಶ್ರಮವಿಲ್ಲ.

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಅಪರೂಪಕ್ಕೂ ಕಾಣದ ಒಂದು ತಾಪತ್ರಯ ಕನ್ನಡ ಸೈಟುಗಳಿಗಿದೆ: ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡ ಅಕ್ಷರಗಳು ಲ್ಯಾಟಿನ್ ಸಂಕೇತಗಳ ಮೇಲೆ ಹಾಕಿದ ವೇಷವಾಗಿದ್ದವು. ಆ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣುವುದು ‘ತೊಗರಿ’, ಒಳಗೆ ಉಳಿದಿರುವುದು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು. ಹುಡುಕುಯಂತ್ರ ಓದುವುದು ಒಳಗಿನದನ್ನು. ಪತ್ರಿಕೆ, ಸಂಘ, ಮಠಗಳ ವರ್ಷಗಟ್ಟಲೆಯ ಬರಹ ಹೀಗೆ ಇದ್ದೂ ಇಲ್ಲದಂತಾಗುತ್ತದೆ. ಪರೀಕ್ಷೆ ಸುಲಭ: ನಿಮ್ಮ ಪುಟದ ಒಂದು ಸಾಲನ್ನು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಸರಿ, ಚಿತ್ರವಿಚಿತ್ರ ಚಿಹ್ನೆ ಬಂದರೆ ಯೂನಿಕೋಡಿಗೆ ಬದಲಿಸಬೇಕು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು, ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪುವುದುಂಟು.

ಇದರ ತಮ್ಮನಂಥದು ಪೋಸ್ಟರ್ ಮೋಹ. ದರಪಟ್ಟಿ, ವಿಳಾಸ, ಫೋನ್ ನಂಬರು ಎಲ್ಲವನ್ನೂ ಬಣ್ಣಬಣ್ಣದ ಚಿತ್ರವಾಗಿ ಮಾಡಿಸಿ ಸೈಟಿಗೆ ಏರಿಸುವುದು. ನೋಡಲು ಚಂದ. ಆದರೆ ಅದೇ ಮಾಹಿತಿ ಅಕ್ಷರದಲ್ಲೂ ಇರದಿದ್ದರೆ ಹುಡುಕಿದವರಿಗೆ ಸಿಗುವ ಭರವಸೆಯಿಲ್ಲ. ಚಿತ್ರ ಭಾರವಾದರೆ ಪುಟವೂ ನಿಧಾನ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬಲ್ಲಿ ವಿಳಾಸ ಕೊಟ್ಟರೆ ಪುಟ ತೆರೆಯುವ ವೇಗ ಗೊತ್ತಾಗುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್‌ನ ಅಳತೆ. ಗೂಗಲ್ ತೂಗುವುದು ಮೊಬೈಲಿನಲ್ಲಿ ತೆರೆಯುವ ಪುಟವನ್ನೇ ಆದ್ದರಿಂದ ಆಫೀಸಿನ ದೊಡ್ಡ ಪರದೆಯಲ್ಲಿ ನೋಡಿ ತೃಪ್ತಿಪಟ್ಟರೆ ಸಾಲದು.

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗೆ ವೆಬ್‌ಸೈಟಿಗಿಂತ ಮೊದಲು ಬೇಕಾದದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂದು ಅನುಮಾನವಿಲ್ಲದೆ ಹೇಳಬಹುದು. ‘ಹತ್ತಿರದ ರೊಟ್ಟಿ ಅಂಗಡಿ’ ಎಂದು ಹುಡುಕಿದವರಿಗೆ ನಕ್ಷೆಯಲ್ಲಿ ಕಾಣುವುದು ಅದೇ. ವಿಳಾಸ, ತೆರೆಯುವ ಸಮಯ, ಫೋಟೊ ಹಾಕಲು ಕಾಸಿಲ್ಲ. ಇದರ ಜೊತೆಗೇ ಕೊಡುತ್ತಿದ್ದ ಪುಟ್ಟ ಉಚಿತ ವೆಬ್‌ಸೈಟನ್ನು ಗೂಗಲ್ 2024ರ ಮಾರ್ಚಿನಲ್ಲಿ ನಿಲ್ಲಿಸಿತು. ಆ ಹಳೆಯ ವಿಳಾಸ ಅಂಗಡಿಯ ಬೋರ್ಡಿನಲ್ಲೋ ವಿಸಿಟಿಂಗ್ ಕಾರ್ಡಿನಲ್ಲೋ ಉಳಿದಿದ್ದರೆ ಅಳಿಸುವುದು ಲೇಸು.

ಉಚಿತ ಸಾಧನಗಳಿದ್ದರೂ ದುಡ್ಡು ಕೀಳುವ ಫೋನ್ ಕರೆಗಳಿಗೆ ಬರವಿಲ್ಲ. ‘ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ’ ಎನ್ನುತ್ತಾರೆ. ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾರರೆಂದು ಗೂಗಲ್ ತಾನೇ ಬರೆದಿಟ್ಟಿದೆ. ಜಾಹೀರಾತಿನ ಜಾಗ ಬಿಟ್ಟರೆ ಸ್ಥಾನ ಮಾರಾಟಕ್ಕಿಲ್ಲ. ಪುಟದ ಒಳಗಿನ, ಕಣ್ಣಿಗೆ ಕಾಣದ ಕೀವರ್ಡ್ ಟ್ಯಾಗಿನಲ್ಲಿ ಪದಗಳನ್ನು ತುಂಬುವ ಹಳೆಯ ವಿದ್ಯೆಯನ್ನು ಈಗಲೂ ಮಾರುವವರಿದ್ದಾರೆ. ಆ ಟ್ಯಾಗನ್ನು ಸ್ಥಾನ ನಿರ್ಧರಿಸಲು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ತಿಳಿಸಿತ್ತು.

2025ರ ಜೂನ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಕಲಬುರಗಿ ರೊಟ್ಟಿಯ ಮಾತೆತ್ತಿದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ದಿನಕ್ಕೆ 3,000ಕ್ಕೂ ಹೆಚ್ಚು ಜೋಳದ ರೊಟ್ಟಿ ತಟ್ಟಿ ಬೆಂಗಳೂರಿಗೂ ಆನ್‌ಲೈನ್‌ನಲ್ಲೂ ಮಾರುವುದು ದೇಶಕ್ಕೆಲ್ಲ ಕೇಳಿಸಿತು. ಹೆಸರು ಹೀಗೆ ಬಾನುಲಿಯಲ್ಲಿ ಬಂದ ಗಳಿಗೆಯಲ್ಲಿ ಹುಡುಕುವವರಿಗೆ ಏನಾದರೂ ಸಿಗಬೇಕಾದರೆ ಪುಟ ಮೊದಲೇ ಸಿದ್ಧವಿರಬೇಕು, ಏಕೆಂದರೆ ಇಂದು ಮಾಡಿದ ತಿದ್ದುಪಡಿಯ ಫಲ ಕಾಣಲು ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಯ ಸುಮಾರಿಗೆ. ಹೊಸ ಬೇಳೆಗೆ ದೂರದ ಗಿರಾಕಿ ಬೇಕೆಂದರೆ ಶೀರ್ಷಿಕೆ, ದರ, ಎರಡೂ ಊರ ಹೆಸರುಗಳ ಕೆಲಸ ಬಿತ್ತನೆಯ ಕಾಲಕ್ಕೇ ಮುಗಿದಿರಬೇಕು. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟಿರುತ್ತದೆ. ಜನವರಿ ಮುಗಿದ ಮೇಲೆ ಅದನ್ನು ತೆರೆದು, ಹಿಂದಿನ ವರ್ಷದ ಅದೇ ತಿಂಗಳ ಪಕ್ಕಕ್ಕಿಟ್ಟು ನೋಡಬಹುದು.