ಮೇಜಿನ ಮೇಲೆ ವಾಗಿನಗೇರಾ ಮುತ್ತಿಗೆ

1705ರ ಫೆಬ್ರುವರಿ 8ರಂದು ಔರಂಗಜೇಬನ ಸೇನೆ ಸುರಪುರದ ಪಕ್ಕದ ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿತು. ಒಳಗಿದ್ದವನು ಬೇಡರ ದೊರೆ ಪಿಡ್ಡನಾಯಕ. ಬಾದಶಹ ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ಇದು. ಗೊಂಬೆ ಸೈನಿಕರ ಯುದ್ಧದಾಟಕ್ಕೆ, ಅದೂ ಎರಡಡಿ ಅಗಲ, ಮೂರಡಿ ಉದ್ದದ ಮೇಜಿಗೆ, ಹೇಳಿ ಮಾಡಿಸಿದ ಕದನ.

ಇಡೀ ಮೊಗಲ್ ಪಾಳೆಯವನ್ನು ಮೇಜಿಗೆ ತರಬೇಕಿಲ್ಲ. ಒಂದು ತುದಿಗೆ ಗುಡ್ಡ, ಮೇಲೆ ಕೋಟೆ, ಬುಡದಲ್ಲಿ ತಳವಾರಗೇರಿ ಎಂಬ ಹಳ್ಳಿ. ಎದುರಿಗೆ ಲಾಲ್ ಟೀಕ್ರಿ ಎಂಬ ಕೆಂಪು ದಿಬ್ಬ. ನಡುವೆ ಬಾವಿಗಳು. ಗುಡ್ಡಕ್ಕೆ ಥರ್ಮಾಕೋಲ್ ಸಾಕು. ಗೊಂಬೆಗಳು 6 ಮಿ.ಮೀ. ಅಳತೆಯವೇ ಇರಲಿ, 28 ಮಿ.ಮೀ. ಗೊಂಬೆಗಳಿಗೆ ಈ ಮೇಜು ಇಕ್ಕಟ್ಟು.

ಆಟದ ಜೀವವೆಲ್ಲ ಆ ದಿಬ್ಬದಲ್ಲಿದೆ. ಮೊಗಲರು ಮೊದಲೇ ಅದನ್ನು ಹಿಡಿದರು. ಬೇಡರು ಗುಂಡು, ಕಲ್ಲುಗಳ ಮಳೆಗರೆದು ಕೆಳಗಿಳಿಸಿದರು. ಬೇಡರ ಗುರಿಗಾರಿಕೆ ಹೆಸರಾದದ್ದು. ಆದ್ದರಿಂದ ಅವರ ಬಂದೂಕಿನ ದಾಳಕ್ಕೆ ಒಂದು ಅಂಕ ಹೆಚ್ಚು ಕೊಡಬೇಕು.

ಒಂದು ಸುತ್ತೆಂದರೆ ಒಂದು ವಾರ. ಒಟ್ಟು 11 ಸುತ್ತು. 7ನೇ ಸುತ್ತಿನಲ್ಲಿ ಬೇಡರ ನೆರವಿಗೆ ಧನಾಜಿ ಜಾಧವನ ಮರಾಠಾ ಕುದುರೆದಂಡು, ಬೆನ್ನಲ್ಲೇ ಮೊಗಲರ ಕಡೆ ಜುಲ್ಫಿಕರ್ ಖಾನ್ ಬರುತ್ತಾರೆ. ದಿಬ್ಬವನ್ನು ಮತ್ತೆ ಗೆದ್ದವನು, ಬಾವಿಗಳನ್ನು ಹಿಡಿದವನು ಈ ಖಾನನೇ.

ಗೆಲುವಿನ ನಿಯಮವನ್ನು ಎಚ್ಚರದಿಂದ ಬರೆಯಬೇಕು. ಏಪ್ರಿಲ್ 27ರ ರಾತ್ರಿ ಪಿಡ್ಡನಾಯಕ ತನ್ನವರೊಂದಿಗೆ ಪಾರಾದ. ಮೊಗಲರಿಗೆ ಸಿಕ್ಕಿದ್ದು ಬರಿದಾದ ಕೋಟೆ. ಹಾಗಾಗಿ ಕೋಟೆ ಹಿಡಿದವರಿಗೆ ಅರ್ಧ ಗೆಲುವು ಮಾತ್ರ. ನಾಯಕನ ಗೊಂಬೆ ಮೇಜಿನ ಹಿಂದಿನ ಅಂಚು ದಾಟಿದರೆ ಉಳಿದರ್ಧ ಬೇಡರದು.